ಅಣ್ಣ ಅಂಗಳದಲ್ಲಿ ಅಂಟಿಸಿದ ಪಕ್ಕೆಪಟ್ಟಿ

ಆ ಷೋರೂಮಿನ ಮ್ಯಾನೇಜರನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಇಳಿಯುವುದೂ ಬೇಡ. ಇಡೀ ವಯಸ್ಸನ್ನು ಕಾರು ಉಜ್ಜುವುದರಲ್ಲೇ ಸವೆಸಿದ ನನ್ನ ಅಣ್ಣನನ್ನು ಅವನು ಒಂದು ಜೊತೆ ರಬ್ಬರ್ ಗವಸಿನ ನೆಪದಲ್ಲಿ ಮನೆಗೆ ಕಳಿಸಿದ. ಪಾಲಿಷ್, ಸೋಪು, ಸೀಮೆಎಣ್ಣೆ ಕುಡಿದು ಕುಡಿದು ಅಣ್ಣನ ಕೈ ಬಿರುಕು ಬಿಟ್ಟಿತ್ತು. ಬೆರಳ ಸಂದಿನಲ್ಲಿ ಕಪ್ಪು ಗೆರೆಗಳು, ಅಂಗೈ ತುಂಬ ಸುಲಿದ ಚರ್ಮ.

"ಗಿರಾಕಿಗಳು ನೋಡಿದ್ರೆ ಹೇಸ್ಕೋತಾರೆ. ಗವಸು ಹಾಕ್ಕೊಂಡು ಕೆಲಸ ಮಾಡು" ಎಂದನಂತೆ ಮ್ಯಾನೇಜರ.

"ಗವಸು ಹಾಕ್ಕೊಂಡ್ರೆ ಬಣ್ಣ ನನ್ನ ಜೊತೆ ಮಾತಾಡಲ್ಲ ಸಾರ್" ಎಂದನಂತೆ ಅಣ್ಣ.

"ಹಂಗಾದ್ರೆ ಮನೇಲಿ ಕೂತು ಗೋಡೆ ಜೊತೆ ಮಾತಾಡು."

ಅಷ್ಟೇ. ಮಾರನೆಯ ದಿನದಿಂದ ಕೆಲಸವಿಲ್ಲ. ನಾನು ಸಾಮಾನು ಸಾಗಿಸುವ ಟೆಂಪೊ ಓಡಿಸುವವನು. ಸುದ್ದಿ ಕೇಳಿದ ತಕ್ಷಣ ಗಾಡಿ ತಿರುಗಿಸಿಕೊಂಡು ಷೋರೂಮಿಗೆ ಹೊರಟಿದ್ದೆ. ಅಣ್ಣ ಟೆಂಪೊ ಮುಂದೆ ಅಡ್ಡ ನಿಂತು, "ನನ್ನ ಮೇಲೆ ಹತ್ತಿಸ್ಕೊಂಡು ಹೋಗು" ಎಂದ. ಹೋಗಲಿಲ್ಲ. ಅದೂ ಒಂದು ಸಿಟ್ಟು.

ಅಣ್ಣನಿಗೆ ಷೋರೂಮಿನಲ್ಲಿ 'ಕನ್ನಡಿ' ಎಂದೇ ಹೆಸರು ಬಿದ್ದಿತ್ತು. ಅವನು ಉಜ್ಜಿದ ಬಾಗಿಲ ಮುಂದೆ ನಿಂತು ಗಿರಾಕಿಗಳು ತಲೆ ಬಾಚಿಕೊಳ್ಳುತ್ತಿದ್ದರು. ಪಾಲಿಷ್ ಮುಗಿಸಿ, ಬಟ್ಟೆ ಕೊಡವಿ ಹೆಗಲಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಬರಿ ಅಂಗೈಯನ್ನು ತಗಡಿನ ಮೇಲೆ ಈ ತುದಿಯಿಂದ ಆ ತುದಿಗೆ ಆಡಿಸುತ್ತಿದ್ದ. ಹಸುಗೂಸಿನ ಬೆನ್ನು ಸವರಿದ ಹಾಗೆ. ಎಲ್ಲಾದರೂ ಧೂಳಿನ ಕಣ ಸಿಕ್ಕರೆ ಮತ್ತೆ ಮೊದಲಿಂದ. ನಮ್ಮಪ್ಪ ತೀರಿಕೊಂಡು ಇಬ್ಬರೂ ಶಾಲೆ ಬಿಟ್ಟಾಗ ಅವನು ಹಿಡಿದ ಮೊದಲ ಕೆಲಸ ಅದು. ಕೊನೆಯದೂ ಅದೇ ಆಗಲಿ ಅಂದುಕೊಂಡಿದ್ದ.

ಕೆಲಸ ಹೋದದ್ದಕ್ಕಿಂತ ದೊಡ್ಡ ಚಿಂತೆ ನಮ್ಮ ಅತ್ತಿಗೆಯದು. ಹೊಲಿಗೆ ಕಾರ್ಖಾನೆಯ ಮೆಟ್ಟಿಲಿನಿಂದ ಬಿದ್ದ ಮೇಲೆ ಅವರಿಗೆ ಸೊಂಟದಿಂದ ಕೆಳಗೆ ಜೀವವಿಲ್ಲ. ಹಾಸಿಗೆಯಲ್ಲಿ ಮಗ್ಗುಲು ತಾವೇ ಬದಲಿಸಲಾರರು. ಹೊತ್ತು ಹೊತ್ತಿಗೆ ಯಾರಾದರೂ ಹೊರಳಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಒಮ್ಮೆ ಹಾಗೆ ಆಗಿ, ಆ ಹುಣ್ಣು ಅವರನ್ನು ಅರ್ಧ ದಾರಿ ಕರೆದುಕೊಂಡು ಹೋಗಿ ವಾಪಸ್ ತಂದು ಬಿಟ್ಟಿತ್ತು. "ಇನ್ನೊಂದು ಸಲ ಆದ್ರೆ ನಮ್ಮ ಕೈಲಿ ಏನೂ ಇಲ್ಲ" ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಷೋರೂಮು ಮನೆಯ ಹಿಂದಿನ ಬೀದಿಯಲ್ಲೇ ಇದ್ದದ್ದರಿಂದ ಅಣ್ಣ ಒಂದು ಕಾರಿಗೂ ಇನ್ನೊಂದು ಕಾರಿಗೂ ನಡುವೆ ಓಡಿ ಬಂದು ಹೊರಳಿಸಿ ಹೋಗುತ್ತಿದ್ದ. ಈಗ ಅವನಿಗೆ ಸಿಗುತ್ತಿದ್ದ ಕೆಲಸ ಒಂದೇ, ಊರಾಚೆಯ ಗೋದಾಮಿನ ಕಾವಲು. ಬೆಳಗ್ಗೆ ಹೋದರೆ ಕತ್ತಲಾದ ಮೇಲೇ ಮನೆ. ಸೋಮವಾರದೊಳಗೆ ಹೂಂ ಅಥವಾ ಊಹೂಂ ಅನ್ನಬೇಕಿತ್ತು.

ಆ ವಾರವೇ ಸೋಫಾ ಅಂಗಡಿಯವನು ಬಂದ.

ಅವನು ಷೋರೂಮಿನ ಹಳೆಯ ಗಿರಾಕಿ. ಕೆಂಪು ಬಣ್ಣದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು. ನೆಲಕ್ಕೆ ಎಷ್ಟು ಹತ್ತಿರವೆಂದರೆ, ಆ ದಪ್ಪ ಮನುಷ್ಯ ಅದರಿಂದ ಇಳಿಯುವುದನ್ನು ನೋಡಿದರೆ ಬಾವಿಯಿಂದ ಹತ್ತಿ ಬಂದಂತೆ ಕಾಣುತ್ತಿತ್ತು. ಇಂಥದ್ದೇ ಕಾರಿಟ್ಟುಕೊಂಡವರ ಗುಂಪೊಂದು ಭಾನುವಾರ ಸೇರಿ ಒಬ್ಬರ ಕಾರನ್ನು ಒಬ್ಬರು ಹೊಗಳಿ ಮನೆಗೆ ಹೋಗುತ್ತದೆ. ಅದಕ್ಕಾಗಿ ಇವನು ಬಾಡಿ ಕಿಟ್ ತರಿಸಿದ್ದ: ಮುಂದಿನ ಬಂಪರಿನ ಕೆಳಗೆ ಹಾಕುವ ಒಂದು ತುಟಿ, ಬಾಗಿಲುಗಳ ಕೆಳಗೆ ಉದ್ದಕ್ಕೆ ಕೂರುವ ಎರಡು ಕಪ್ಪು ಪಟ್ಟಿಗಳು. ತುಟಿಗೆ ಕಾರಿನಲ್ಲೇ ಇದ್ದ ಸ್ಕ್ರೂಗಳು ಸಾಕು. ಪಟ್ಟಿಗಳಿಗೆ ಮಾತ್ರ ಅಂಟೇ ಗತಿ. ಬೆನ್ನಿಗೆ ಎರಡು ಮುಖದ ಟೇಪ್, ಅದರ ಮೇಲೆ ಕೆಂಪು ಸಿಪ್ಪೆ. ಸಿಪ್ಪೆ ಸುಲಿದು ಒತ್ತಿದರೆ ಮುಗಿಯಿತು, ಆಮೇಲೆ ಕೂದಲೆಳೆಯಷ್ಟೂ ಸರಿಸಲಾಗದು.

"ಕನ್ನಡಿ, ನೀನೇ ಮಾಡಿಕೊಡು" ಎಂದ. "ಚೆನ್ನಾಗಿ ಬಂದ್ರೆ ನಮ್ಮ ಗುಂಪಿಗೆಲ್ಲಾ ನಿನ್ನ ಹೆಸರು ಹೇಳ್ತೀನಿ. ಎಲ್ಲರೂ ಕಿಟ್ ತರಿಸ್ಕೊಂಡು ಹಾಕೋರಿಗೆ ಹುಡುಕ್ತಾ ಇದ್ದಾರೆ. ಈ ಅಂಗಳದಲ್ಲಿ ಕಾರು ನಿಲ್ಲಿಸೋಕೆ ಜಾಗ ಇರಲ್ಲ, ನೋಡ್ತಿರು."

ಅಣ್ಣ ಅಂಗಳ ನೋಡಿದ. ತಗಡಿನ ಮಾಡು, ಅದರ ಪಕ್ಕದಲ್ಲೇ ಅತ್ತಿಗೆಯ ಹಾಸಿಗೆಯ ಕಿಟಕಿ. ಕರೆದರೆ ಕೇಳುವಷ್ಟು ದೂರ. ಅವನ ಮುಖದಲ್ಲಿ ಆಗ ಕಂಡದ್ದನ್ನು ನಾನು ಮತ್ತೆಂದೂ ಕಂಡಿಲ್ಲ.

ಗುರುವಾರ ಮನೆಯಲ್ಲಿ ಮದುವೆಯ ಕಳೆ. ಅಣ್ಣ ತುಟಿಗೆ ಸ್ಕ್ರೂ ಬಿಗಿದು ಮುಗಿಸಿ, ಪಟ್ಟಿಯನ್ನು ಮೊದಲು ಬರಿ ಕಾಗದದ ಟೇಪಿನಲ್ಲಿ ಹಿಡಿಸಿ, ಗುರುತು ಹಾಕಿ, ದೂರ ನಿಂತು, ಕೂತು, ಮಲಗಿ ನೋಡಿದ.

"ಅದಕ್ಕೇನಂತಾರೋ?" ಎಂದು ಅತ್ತಿಗೆ ಕಿಟಕಿಯಿಂದ ಕೇಳಿದರು.

"ಸೈಡ್ ಸ್ಕರ್ಟ್ ಅತ್ತಿಗೆ."

"ಅಯ್ಯೋ, ಕಾರಿಗೂ ಲಂಗ ಹಾಕ್ತಾರಾ? ಇಷ್ಟು ದಿನ ಪಾಪ ಹಂಗೇ ಓಡಾಡ್ತಿತ್ತಾ?"

ನಾವು ನಕ್ಕದ್ದಕ್ಕೆ ಪಕ್ಕದ ಮನೆಯವರು ಗೋಡೆ ಮೇಲೆ ಇಣುಕಿ ನೋಡಿದರು. ಅಣ್ಣ ಸ್ಪಿರಿಟ್ಟಿನಿಂದ ಬಾಗಿಲ ಕೆಳಗಿನ ತಗಡನ್ನೆಲ್ಲ ಒರೆಸಿದ, ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿದ, ಸಿಪ್ಪೆ ಎಳೆದ, ಒತ್ತಿದ. ಎರಡೂ ಕಡೆ ಮುಗಿಸಿದಾಗ ಆ ಪಟ್ಟಿಗಳು ಕಾರಿನ ಜೊತೆಗೇ ಹುಟ್ಟಿದಂತಿದ್ದವು. "ಒಂದು ದಿನ ಮುಟ್ಟಬಾರದು, ಅಂಟು ಹಿಡೀಬೇಕು" ಎಂದು ಹಗ್ಗ ಕಟ್ಟಿ ಬಿಟ್ಟ. ಶನಿವಾರ ಬೆಳಗ್ಗೆ ಕಾರು ಒಯ್ಯುತ್ತೇನೆಂದು ಸೋಫಾ ಅಂಗಡಿಯವನು ಹೇಳಿದ್ದ.

ಶುಕ್ರವಾರ ಬೆಳಗ್ಗೆ ನಾನು ಬಾಡಿಗೆಗೆ ಹೊರಡುವ ಮುಂಚೆ ಅಣ್ಣನ ಮನೆಗೆ ಹೋದೆ. ಅಣ್ಣ ಕಾರಿನ ಪಕ್ಕ ನೆಲದ ಮೇಲೆ ಕೂತಿದ್ದ. ಎಡಗಡೆಯ ಪಟ್ಟಿ ನಡುವೆ ಬಿಟ್ಟುಕೊಂಡು, ಹಲ್ಲಿಲ್ಲದ ಮುದುಕನ ಕೆಳದುಟಿಯ ಹಾಗೆ ಜೋತಾಡುತ್ತಿತ್ತು. ಬಲಗಡೆಯದಕ್ಕೆ ಉಗುರು ಹಾಕಿದೆ. ಅದೂ ಸುಮ್ಮನೆ ಕಳಚಿ ಬಂತು.

"ಟೇಪ್ ಕಳಪೆ ಮಾಲು" ಎಂದು ಕೂಗಿದೆ. "ಆ ಸೋಫಾದವನು ಅಗ್ಗದ್ದು ತರಿಸಿದಾನೆ. ನಾಲ್ಕು ಸ್ಕ್ರೂ ಹೊಡೆದುಬಿಡೋಣ."

"ಆ ಕಾರಿನ ಮೈಗೆ ತೂತು ಹಾಕಿದ್ರೆ ಅವನು ನನಗೆ ತೂತು ಹಾಕ್ತಾನೆ."

"ಮತ್ತೇನು ಮಾಡ್ತೀಯ? ಅಂಗೈಯಲ್ಲಿ ಹಿಡ್ಕೊಂಡು ಕಾರಿನ ಜೊತೆ ಓಡ್ತೀಯಾ?"

ಅಣ್ಣ ಟೇಪನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಅಂಟು ಅಂಟಾಗಿಯೇ ಇತ್ತು, ಹೊಸದರಷ್ಟೇ. ಕಾರಿನ ಮೇಲೆ ಮಾತ್ರ ಏನೂ ಉಳಿದಿರಲಿಲ್ಲ. "ಸೋಮವಾರ ಗೋದಾಮಿಗೆ ಹೂಂ ಅಂದುಬಿಡ್ತೀನಿ. ಇವಳನ್ನ ಯಾರು..." ಎಂದು ಅಲ್ಲಿಗೇ ನಿಲ್ಲಿಸಿದ, ಕಿಟಕಿ ತೆರೆದಿತ್ತು.

ಕಿಟಕಿಯೇ ಮಾತಾಡಿತು. "ರೀ, ಸ್ಪಿರಿಟ್ಟಲ್ಲಿ ಒರೆಸಿದ ಮೇಲೆ ಕೈ ಆಡಿಸಿ ನೋಡಿದ್ರಾ?"

"ನೋಡದೆ ಇರ್ತೀನೇನೇ? ಧೂಳು ಉಳಿದಿದ್ರೆ?"

"ಮುಲಾಮು ಹಚ್ಚಿದ ಕೈ."

ಅಣ್ಣನ ಬಿರುಕುಗಳಿಗೆ ಬೆಳಗ್ಗೆ ಸಂಜೆ ಜಿಡ್ಡಿನ ಮುಲಾಮು ಹಚ್ಚಿಸುತ್ತಿದ್ದವರು ಅತ್ತಿಗೆಯೇ. ಅವನು ಹಚ್ಚಿಕೊಳ್ಳದಿದ್ದರೆ ಅವರು ಊಟ ಮಾಡುತ್ತಿರಲಿಲ್ಲ. ಅದು ಚರ್ಮದೊಳಗೇ ಇಳಿದು ಕೂತಿತ್ತು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

"ನೀವು ಕೊಡೋ ಲೋಟ ಯಾವತ್ತು ನನ್ನ ಕೈಲಿ ನಿಂತಿದೆ?" ಎಂದರು ಅತ್ತಿಗೆ. "ದಿನಾ ಜಾರುತ್ತೆ. ನನ್ನ ಕೈಲಿ ಶಕ್ತಿ ಇಲ್ಲ ಅಂತ ನೀವು, ಹೌದು ಅಂತ ನಾನು. ಜಿಡ್ಡು ಕಣ್ರೀ ಅದು."

ಅಣ್ಣ ತನ್ನ ಎರಡೂ ಅಂಗೈಗಳನ್ನು ಯಾರದೋ ವಸ್ತುವಿನ ಹಾಗೆ ನೋಡಿದ. ಪಟ್ಟಿ ಕೂರಬೇಕಾದ ಗೆರೆಯ ಉದ್ದಕ್ಕೂ, ಕಣ್ಣು ಮುಚ್ಚಿ, ಪ್ರೀತಿಯಿಂದ, ತಾನೇ ಜಿಡ್ಡು ಸವರಿ ಬಂದಿದ್ದ. ಪಾಲಿಷಿನವನಲ್ಲದೆ ಬೇರೆ ಯಾರೂ ಈ ತಪ್ಪು ಮಾಡುತ್ತಿರಲಿಲ್ಲ. ಬೇರೆಯವರು ಒರೆಸಿದ ಮೇಲೆ ಮುಟ್ಟುವುದೇ ಇಲ್ಲ. ಗವಸು ಹಾಕಿದ್ದರೆ ಆಗುತ್ತಿರಲಿಲ್ಲ ಎಂದು ನೀವು ಅನ್ನಬಹುದು. ಅನ್ನಿ. ಆ ಮ್ಯಾನೇಜರ ಹೇಳಿದ್ದು ಅಂಟಿನ ಮಾತಲ್ಲ, ಅಸಹ್ಯದ ಮಾತು.

ಶನಿವಾರ ಬೆಳಗ್ಗೆಗೆ ಅಂಟು ಹಿಡಿಯಬೇಕಾದರೆ ಆ ಮಧ್ಯಾಹ್ನದೊಳಗೆ ಎರಡೂ ಪಟ್ಟಿ ಕೂರಬೇಕು. ನಾನು ಬಾಡಿಗೆ ಬಿಟ್ಟು ಟೇಪ್ ತರಲು ಓಡಿದೆ.

"ಎಂಥಾ ಟೇಪ್ ಬೇಕು?" ಎಂದ ಬಿಡಿಭಾಗದ ಅಂಗಡಿಯವನು.

"ಒಂದು ಸಲ ಹಿಡಿದ್ರೆ ಬಿಡಬಾರದು, ಅಂಥದ್ದು."

"ಅಂಥದ್ದು ನನ್ನ ಹತ್ರ ಹೆಂಡ್ತಿ ಒಬ್ಬಳೇ ಇರೋದು."

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವತ್ತು ಕೌಂಟರಿಗೆ ಗುದ್ದಿದೆ. ಒಳ್ಳೆಯ ಟೇಪ್ ಕೊಟ್ಟ. ಕಡಿಮೆ ಇತ್ತು, ಎರಡು ಪಟ್ಟಿಗೆ ಸರಿಯಾಗಿ ಸಾಲುವಷ್ಟೇ. ಒಂದು ಸಲ ಕೈ ತಪ್ಪಿದರೆ ಮತ್ತೆ ಇಲ್ಲ.

ವಾಪಸ್ ಬಂದಾಗ ಅಣ್ಣ ಎಲ್ಲಿಂದಲೋ ಪಾತ್ರೆ ತೊಳೆಯುವ ರಬ್ಬರ್ ಗವಸು ಹುಡುಕಿ ಹಾಕಿಕೊಂಡಿದ್ದ. ಬಿರುಕುಗಳು ಉರಿದು ಕಣ್ಣಲ್ಲಿ ನೀರು. ಹಳೆಯ ಟೇಪಿನ ಚೂರು ಕೀಳಲು ಹೋಗಿ ಎರಡು ಸಲ ಪಟ್ಟಿ ಕೈಜಾರಿಸಿದ. ಮೂರನೆಯ ಸಲ ಗವಸು ಕಿತ್ತು ಅಂಗಳಕ್ಕೆ ಎಸೆದು, "ನೀನೇ ಮಾಡಬೇಕು" ಎಂದ.

"ನಾನಾ? ನನ್ನ ಕೈಲಿ ಹಾಲಿನ ಪೊಟ್ಟಣ ನೆಟ್ಟಗೆ ಹರಿಯೋಕೆ ಬರಲ್ಲ."

"ನಿನ್ನ ಕೈ ಒಣಗಿದೆ. ಅಷ್ಟು ಸಾಕು."

ಹೀಗೆ ಆ ಕೆಲಸ ನನ್ನ ಪಾಲಿಗೆ ಬಂತು. ಅಣ್ಣ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹಿಡಿದುಹಾಕಿದ ಕಳ್ಳನ ಹಾಗೆ ಪಕ್ಕದಲ್ಲಿ ಕೂತ. ನಾನು ಪಟ್ಟಿಯ ಬೆನ್ನಿನ ಹಳೆಯ ಅಂಟು ಉಜ್ಜಿ ತೆಗೆದೆ, ತಗಡನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ, ಪಟ್ಟಿಗೆ ಹೊಸ ಟೇಪ್ ಹಾಕಿದೆ.

"ಇನ್ನೊಂದು ಸಲ ಒರೆಸು."

"ಒರೆಸಿದ್ನಲ್ಲ!"

"ನಿನ್ನ ಹಣೆ ಬೆವರು ಬಿತ್ತು, ಅಲ್ಲಿ. ಒರೆಸು. ತಲೆಗೆ ಬಟ್ಟೆ ಕಟ್ಕೋ. ಸಿಪ್ಪೇನ ಎರಡೂ ತುದಿಯಿಂದ ಸ್ವಲ್ಪ ಬಿಡಿಸಿ ಹೊರಗಡೆ ಮಡಚು. ಪೂರ್ತಿ ಎಳೀಬೇಡ! ಎಳೀಬೇಡ ಅಂದೆ ಕಣೋ, ದನ!"

"ಬೈಬೇಡ, ಬಿಟ್ಟು ಹೋಗ್ತೀನಿ."

"ಹೋಗು, ಹೋಗು, ನಿಮ್ಮತ್ತಿಗೇನೂ ಜೊತೆಗೆ ಹೊತ್ಕೊಂಡು ಹೋಗು!"

"ನನ್ನನ್ಯಾಕೆ ಎಳೀತೀರಿ ನಡುವೆ?" ಎಂದರು ಅತ್ತಿಗೆ ಒಳಗಿಂದ. "ಇಬ್ಬರೂ ಬಾಯಿ ಮುಚ್ಕೊಂಡು ಆ ಲಂಗ ಉಡಿಸಿ ಮೊದಲು."

ಪಟ್ಟಿಯ ಮುಂದಿನ ತುದಿಯನ್ನು ಗುರುತಿಗೆ ಸೇರಿಸಿ ಒತ್ತಿದೆ. ಒಂದು ಕೈಯಲ್ಲಿ ಪಟ್ಟಿ ಹಿಡಿದು, ಇನ್ನೊಂದರಲ್ಲಿ ಕೆಂಪು ಸಿಪ್ಪೆಯನ್ನು ಮೆಲ್ಲಗೆ ಎಳೆಯುತ್ತ, ಮೊಣಕಾಲಲ್ಲಿ ಹಿಂದಕ್ಕೆ ಸರಿಯುತ್ತ ಹೋಗಬೇಕು. ಅರ್ಧಕ್ಕೆ ಬಂದಿದ್ದೆ. ಹಿಂದಿನ ಅರ್ಧ ನನ್ನ ಕೈಯಲ್ಲಿ ಗಾಳಿಯಲ್ಲೇ ಇತ್ತು.

ಆಗ ಅತ್ತಿಗೆ ಕರೆದರು. "ರೀ... ಇನ್ನು ತಡ್ಕೊಳ್ಳೋಕೆ ಆಗಲ್ಲ ರೀ."

ಹೊರಳಿಸುವ ಹೊತ್ತು ಯಾವಾಗಲೋ ಮೀರಿತ್ತು. ನಮಗೆ ತೊಂದರೆ ಆಗಬಾರದೆಂದು ಅವರು ಲಂಗದ ಜೋಕು ಹೊಡೆಯುತ್ತ ಬೆನ್ನಿನ ಉರಿ ನುಂಗಿಕೊಂಡಿದ್ದರು. ಅಣ್ಣ ಎದ್ದ, ನಿಂತ, ನನ್ನ ಕೈಯನ್ನೊಮ್ಮೆ ಕಿಟಕಿಯನ್ನೊಮ್ಮೆ ನೋಡಿದ. ಯಾವುದನ್ನು ಉಳಿಸಲು ಯಾವುದನ್ನು ಬಿಡಬೇಕೆಂದು ತಿಳಿಯದೆ ನಿಂತ ಮನುಷ್ಯನ ಮುಖ ನೋಡುವುದು ಕಷ್ಟ.

"ಹೋಗು ಅಣ್ಣ" ಎಂದೆ. "ಹೋಗು ಅಂದ್ನಲ್ಲ!"

ಅವನು ಒಳಗೆ ಓಡಿದ. ಕಿಟಕಿಯಿಂದ ಅವನ ದನಿ ಬರುತ್ತಿತ್ತು. "ಮೆಲ್ಲಗೆ. ಹೆಗಲು ಈ ಕಡೆ ಕೊಡು."

ನಾನು ಹೆಗಲನ್ನು ಬಾಗಿಲಿಗೆ ಆನಿಸಿದೆ.

"ನಿನಗಲ್ಲ ಕಣೋ, ಇವಳಿಗೆ! ನೀನು ಅಲ್ಲಾಡಬೇಡ. ಉಸಿರು ಬಿಟ್ಟು ಎಳಿ."

"ಏನ್ನ ಎಳೀಲಿ?" ಎಂದರು ಅತ್ತಿಗೆ ನರಳುತ್ತಲೇ.

"ನೀನು ಸುಮ್ನೆ ಮಲಗು ಕಣೇ. ಅವನಿಗೆ ಹೇಳ್ತಿರೋದು. ನಿಂಗೆ ಇಲ್ಲಿ ಕೆಂಪಾಗಿದೆಯಲ್ಲೇ... ಯಾಕೆ ಹೇಳಲಿಲ್ಲ ನೀನು? ಯಾಕೆ ಹೇಳಲಿಲ್ಲ?"

ಆಮೇಲೆ ಒಳಗಿನಿಂದ ನನಗೆ ಯಾವ ಸೂಚನೆಯೂ ಬರಲಿಲ್ಲ. ಅಣ್ಣ ಅಳುತ್ತಿದ್ದದ್ದು ಮಾತ್ರ ಕೇಳಿಸಿತು. ನನ್ನ ತೋಳು ಸೋತು ನಡುಗುತ್ತಿತ್ತು. ಹುಟ್ಟಿದಂದಿನಿಂದ ಯಾವುದಕ್ಕೂ ಕಾಯದವನು ನಾನು; ಸಿಗ್ನಲ್ಲಿನಲ್ಲಿ ಮುಂದಿನ ಗಾಡಿ ಒಂದು ಕ್ಷಣ ತಡ ಮಾಡಿದರೆ ಹಾರ್ನ್ ಕಿವುಡಾಗುವಂತೆ ಹೊಡೆಯುವವನು. ಅವತ್ತು ಆ ಸಿಪ್ಪೆಯನ್ನು ಇರುವೆ ನಡೆಯುವ ವೇಗದಲ್ಲಿ ಎಳೆದೆ. ಎಳೆದಷ್ಟು ಒತ್ತಿದೆ. ಒತ್ತಿ ಮತ್ತೆ ಎಳೆದೆ. ಹಿಂದಿನ ತುದಿ ಗುರುತಿನ ಮೇಲೆ ಬಂದು ಕೂತಾಗ ನನ್ನ ಬಾಯಿಂದ ಬಂದದ್ದು ಬೈಗುಳವೇ, ಆದರೆ ಯಾರಿಗೆಂದು ಗೊತ್ತಿಲ್ಲ.

ಎರಡನೆಯ ಪಟ್ಟಿಯ ಹೊತ್ತಿಗೆ ಅಣ್ಣ ಹೊರಗೆ ಬಂದು ಕೂತ. ಇಬ್ಬರೂ ಬೈದಾಡಲಿಲ್ಲ.

ಶನಿವಾರ ಸೋಫಾ ಅಂಗಡಿಯವನು ಬಂದು, ಕಾರು ಸುತ್ತಿ, ಮೊಣಕಾಲೂರಿ ಪಟ್ಟಿಗೆ ಕೈಹಾಕಿ ಎಳೆದು ನೋಡಿದ. ಕಾರೇ ಅಲ್ಲಾಡಿತು, ಪಟ್ಟಿ ಅಲ್ಲಾಡಲಿಲ್ಲ. "ಕನ್ನಡಿ ಅಂದ್ರೆ ಕನ್ನಡಿನೇ" ಎಂದ. ಮಾತಾಡಿದ ಕೂಲಿಯನ್ನು ಅಲ್ಲೇ ಪೂರ್ತಿ ಕೊಟ್ಟ. "ನಾಳೆ ಗುಂಪಲ್ಲಿ ಹೇಳ್ತೀನಿ. ಆಣೆಗೂ ಹೇಳ್ತೀನಿ" ಎಂದು ಬಾವಿಗಿಳಿದಂತೆ ಕಾರಿಗಿಳಿದು ಹೋದ.

ಭಾನುವಾರ ಸಂಜೆ ಅಣ್ಣ ಅಂಗಳ ಗುಡಿಸಿದ. ಸೋಮವಾರ ಗೋದಾಮಿನವರಿಗೆ ಫೋನ್ ಮಾಡಿ, ಇನ್ನೊಂದು ವಾರ ಸಮಯ ಕೊಡಿ ಎಂದು ಗೋಗರೆದ. ಕೊಟ್ಟರು. ಆ ವಾರವಿಡೀ ಬೀದಿಯಲ್ಲಿ ಕಾರಿನ ಸದ್ದಾದರೆ ಸಾಕು, ಅನ್ನದ ತಟ್ಟೆ ಬಿಟ್ಟು ಬಾಗಿಲಿಗೆ ಬರುತ್ತಿದ್ದ. ಕಸದ ಲಾರಿ ಬಂತು, ಗ್ಯಾಸಿನ ಗಾಡಿ ಬಂತು, ನನ್ನ ಟೆಂಪೊ ಬಂತು. ಸೋಫಾ ಅಂಗಡಿಗೆ ಫೋನ್ ಮಾಡಿದರೆ ಹುಡುಗಿಯೊಬ್ಬಳು "ಸಾರ್ ಬಿಜಿ" ಎಂದಳು. ವಾರ ಮುಗಿದ ಮೇಲೆ ಅಣ್ಣ ಗೋದಾಮಿನ ಖಾಕಿ ಅಂಗಿ ತೊಟ್ಟ. ಅತ್ತಿಗೆ ಅವನನ್ನು ನೋಡಿ, "ಪೊಲೀಸಿನವರು ಮನೆಗೆ ಬಂದಂಗಿದೆ" ಎಂದು ನಗಿಸಲು ನೋಡಿದರು. ಅವನು ನಗಲಿಲ್ಲ. ಅವರೂ ಆಮೇಲೆ ಗೋಡೆ ಕಡೆ ಮುಖ ಮಾಡಿದರು.

ಈಗ ಮಧ್ಯಾಹ್ನಗಳಲ್ಲಿ ನಾನು ಎರಡು ಬಾಡಿಗೆಯ ನಡುವೆ ಹೋಗಿ ಅತ್ತಿಗೆಯನ್ನು ಹೊರಳಿಸುತ್ತೇನೆ. ಮೈ ಮುಟ್ಟದೆ, ಕೆಳಗಿನ ಮಡಿಸಿದ ಬೆಡ್‌ಶೀಟಿನ ಅಂಚು ಹಿಡಿದು ಎಳೆದು ಹೊರಳಿಸುವುದನ್ನು ಅಣ್ಣ ಹೇಳಿಕೊಟ್ಟಿದ್ದಾನೆ. ಮೊದಮೊದಲು ಅವರು ನಾಚಿಕೆಯಿಂದ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ದೂರದ ಬಾಡಿಗೆ ಬಂದ ದಿನ ಹೋಗಲಾಗುವುದಿಲ್ಲ. ನನ್ನ ಹೆಂಡತಿ ಲಾಂಡ್ರಿ ಕೆಲಸದಿಂದ ಬಿಡುವಾದಾಗ ಹೋಗುತ್ತಾಳೆ, ಆಗದಿದ್ದರೆ ಇಲ್ಲ. ಬೆನ್ನಿನ ಕೆಂಪು ಒಂದು ಕಡೆ ಈಗ ಕಪ್ಪಾಗಿದೆ. ನಾವು ಮೂವರೂ ಅದರ ಬಗ್ಗೆ ಮಾತಾಡುವುದಿಲ್ಲ, ಅತ್ತಿಗೆ ಕೇಳುವುದೂ ಇಲ್ಲ.

ಒಂದು ದಿನ ಪೆಟ್ರೋಲ್ ಬಂಕಿನಲ್ಲಿ ನನ್ನ ಮುಂದೆ ಆ ಕೆಂಪು ಕಾರು. ಅದರ ಪಕ್ಕದಲ್ಲಿ ಅಂಥದ್ದೇ ಹಳದಿ ಕಾರೊಂದು, ಅದಕ್ಕೂ ಹೊಚ್ಚ ಹೊಸ ಪಟ್ಟಿಗಳು. ನಾನು ಇಳಿದು ಹೋಗಿ ಸೋಫಾ ಅಂಗಡಿಯವನ ಕಿಟಕಿ ತಟ್ಟಿದೆ.

"ಗುಂಪಲ್ಲಿ ಹೇಳ್ತೀನಿ ಅಂದಿದ್ರಲ್ಲ?"

ಅವನು ಹಳದಿ ಕಾರಿನ ಕಡೆ ನೋಡಿ ದನಿ ತಗ್ಗಿಸಿದ. "ಕೇಳಿದ್ರು ಕಣಯ್ಯ. ಯಾರೋ ಮನೆ ಅಂಗಳದಲ್ಲಿ ಅಂಟಿಸಿಕೊಟ್ರು ಅನ್ನೋಕೆ ಒಂಥರಾ ಆಯ್ತು. ದೊಡ್ಡ ಅಂಗಡಿಲಿ ಮಾಡಿಸಿದೆ ಅಂದುಬಿಟ್ಟೆ. ಎಲ್ಲಾ ಅಲ್ಲಿಗೆ ಹೋದ್ರು."

"ಈಗ ಹೇಳಿ. ಅವರು ಇಲ್ಲೇ ಇದ್ದಾರೆ. ಇಳಿದು ಹೇಳಿ."

"ಏಯ್, ಕೈ ತೆಗಿ. ಕೂಲಿ ಕೊಟ್ಟಿದ್ದೀನೋ ಇಲ್ವೋ? ಇನ್ನೇನು ಬಾಕಿ ನಿಮಗೆ?"

ಬಂಕಿನ ಹುಡುಗರು ಬಂದು ನನ್ನನ್ನು ಹಿಡಿದುಕೊಂಡರು. ಕಾರು ಹೋಯಿತು, ಪಟ್ಟಿ ಒಂದಿಷ್ಟೂ ಅಲುಗದೆ. ಅಣ್ಣನಿಗೆ ನಾನು ಇದನ್ನು ಹೇಳಿಲ್ಲ. ಅವನು ಈಗಲೂ ಭಾನುವಾರ ಅಂಗಳ ಗುಡಿಸುತ್ತಾನೆ. ಕೂಲಿ ಕೊಟ್ಟದ್ದು ನಿಜ, ಒಂದು ಕಾಸೂ ಕಡಿಮೆ ಇಲ್ಲ. ಗುಂಪಿನಲ್ಲಿ ಹೇಳುತ್ತೇನೆಂದು ಕೊಟ್ಟ ಮಾತನ್ನು ಮಾತ್ರ ಅವನು ನಮಗಿನ್ನೂ ತೀರಿಸಿಲ್ಲ.